ಕಾರ್ಬನ್ ಟೆಟ್ರಾಕ್ಲೋರೈಡ್: ಓಜೋನ್‌ಗೆ ಮಾತ್ರ ಕೆಟ್ಟದ್ದು ಅನ್ನುವುದು ತಪ್ಪು

"ಕಾರ್ಬನ್ ಟೆಟ್ರಾಕ್ಲೋರೈಡ್ ನಿಲ್ಲಿಸಿದ್ದು ಓಜೋನ್ ಪದರ ಉಳಿಸೋಕೆ ಅಷ್ಟೇ, ಮನುಷ್ಯರಿಗೆ ಏನೂ ಆಗಲ್ಲ. ಹಳೇ ಬಾಟಲಿ ಇದ್ದರೆ ಕಲೆ ತೆಗೆಯಲು ಬಳಸಿ" ಎಂಬ ಮಾತು ಹರಿದಾಡುತ್ತಿದೆ. ದಯವಿಟ್ಟು ಬಳಸಬೇಡಿ.

ಇದು ಹಿಂದೆ ಕಲೆ ತೆಗೆಯಲು ಬಳಸುತ್ತಿದ್ದ ರಾಸಾಯನಿಕ ದ್ರವ. ನೋಡಲು ನೀರಿನಷ್ಟೇ ತಿಳಿ. ಬಾಟಲಿ ಎತ್ತಿದರೆ ವ್ಯತ್ಯಾಸ ಗೊತ್ತಾಗುತ್ತದೆ: ನೀರಿಗಿಂತ ಸುಮಾರು 1.6 ಪಟ್ಟು ಭಾರ. ವಾಸನೆ ಸ್ವಲ್ಪ ಸಿಹಿ, ಹಾಗಾಗಿ ಭಯವೇ ಆಗುವುದಿಲ್ಲ. ಮುಚ್ಚಳ ತೆಗೆದರೆ ಸಾಕು, ಆವಿಯಾಗತೊಡಗುತ್ತದೆ. ಉಸಿರಿನ ಜೊತೆ ಒಳಗೆ ಹೋದದ್ದನ್ನು ಲಿವರ್ ಒಡೆಯುತ್ತದೆ. ಆಗ ಹುಟ್ಟುವ ಚೂರುಗಳೇ ಲಿವರಿನ ಜೀವಕೋಶಗಳನ್ನು ಹಾಳುಮಾಡುತ್ತವೆ. ಕಿಡ್ನಿಗೂ ಪೆಟ್ಟು ಬೀಳುತ್ತದೆ. ಮದ್ಯ ಕುಡಿಯುವವರಿಗಂತೂ ಅಪಾಯ ಇನ್ನೂ ಜಾಸ್ತಿ.

ಹಿಂದೆ ಇದನ್ನು ಬೆಂಕಿ ಆರಿಸಲೂ ಬಳಸುತ್ತಿದ್ದರು. ನೆನೆಸಿಕೊಂಡರೆ ಸಂಕಟವಾಗುತ್ತದೆ. ಬೆಂಕಿಯ ಬಿಸಿಗೆ ಇದರಿಂದ ಫಾಸ್ಜೀನ್ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದು.

ಅಮೆರಿಕ ಮನೆಬಳಕೆಯ ವಸ್ತುಗಳಲ್ಲಿ ಇದನ್ನು ನಿಷೇಧಿಸಿದ್ದು 1970ರಲ್ಲಿ. ಓಜೋನ್ ರಕ್ಷಣೆಯ ಮಾಂಟ್ರಿಯಲ್ ಒಪ್ಪಂದಕ್ಕೆ ಇದು ಸೇರಿದ್ದು 1990ರಲ್ಲಿ. ವಿಷ ಅಂತ ಗೊತ್ತಾಗಿದ್ದು ಮೊದಲು, ಅಲ್ವಾ? ಬೇರೆ ರಾಸಾಯನಿಕ ತಯಾರಿಸಲು ಕಾರ್ಖಾನೆಗಳಲ್ಲಿ ಈಗಲೂ ಇದು ಬಳಕೆಯಲ್ಲಿದೆ.

ಹಳೇ ಬಾಟಲಿ ಸಿಕ್ಕಿದರೆ ತೆರೆಯಬೇಡಿ, ಚರಂಡಿಗೆ ಸುರಿಯಬೇಡಿ. ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಹಾಗೇ ಕೊಡಿ.