ತಲೆನೋವು ಕಮೆನ್ಸ್ ಆದ ದಿನ

ಒಂದು ದಿನ ಬೆಳಿಗ್ಗೆ ಏಳುವಾಗಲೇ ತಲೆ ಸಿಡಿಯುತ್ತಿತ್ತು. ರಜೆ ಬೇಕಿತ್ತು. ಸುಮ್ನೆ 'ತಲೆನೋವು, ಇವತ್ತು ಬರಲ್ಲ' ಅಂತ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಫೀಸಿನ ಗ್ರೂಪಿಗೆ ಇಂಗ್ಲಿಷಿನಲ್ಲೇ ಬರೆಯಬೇಕಲ್ಲ, ಇಂಗ್ಲಿಷ್ ಅಂದ ತಕ್ಷಣ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ, ಹಾಸಿಗೆಯಲ್ಲೇ ಇದ್ದರೂ ಕಾಲರ್ ಸರಿ ಮಾಡಿಕೊಳ್ಳಬೇಕು ಅನ್ನಿಸುತ್ತದೆ. 'ಮೈ ಹೆಡೇಕ್ ಸ್ಟಾರ್ಟೆಡ್' ಅಂತ ಬರೆದೆ. ತೀರಾ ಸಪ್ಪೆ ಅನ್ನಿಸಿತು. ಸ್ಟಾರ್ಟೆಡ್ ಅಳಿಸಿ 'ಕಮೆನ್ಸ್ಡ್' ಅಂತ ಹಾಕಿ ಕಳಿಸಿಬಿಟ್ಟೆ. ಎರಡೇ ನಿಮಿಷಕ್ಕೆ ಗೆಳೆಯನೊಬ್ಬನ ಉತ್ತರ ಬಂತು: "ಉದ್ಘಾಟನೆಗೆ ಯಾರನ್ನ ಕರೆಸಿದ್ದೆ ಮಾರಾಯ?"

ಆ ನೋವಿನಲ್ಲೂ ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ನಾನೇನು ತಪ್ಪು ಬರೆದಿದ್ದೆ? ಡಿಕ್ಷನರಿ ತೆಗೆದು ನೋಡಿ, ಕಮೆನ್ಸ್ ಅಂದರೆ ಬಿಗಿನ್, ಸ್ಟಾರ್ಟ್ ಅಂತಲೇ ಇದೆ. ವ್ಯಾಕರಣ ಸರಿ. ಸ್ಪೆಲಿಂಗೂ ಸರಿ, ಎರಡು 'ಎಂ' ಮರೆಯದೆ ಹಾಕಿದ್ದೆ, ತಲೆನೋವಿನಲ್ಲಿ ಅದೇನು ಸಣ್ಣ ಸಾಧನೆ ಅಲ್ಲ. ಎಲ್ಲ ಸರಿಯಿದ್ದೂ ವಾಕ್ಯ ನಗೆಪಾಟಲಾಯಿತು.

ಯಾಕೆ ಅಂತ ತಿಳಿಯಬೇಕಾದರೆ ಕನ್ನಡಕ್ಕೇ ಬರಬೇಕು. ನಿಧನ ಅಂದರೆ ಸಾವು. ಹಾಗಂತ 'ನನ್ನ ಫೋನಿನ ಬ್ಯಾಟರಿ ನಿಧನ ಹೊಂದಿತು' ಅನ್ನೋಕಾಗುತ್ತಾ? 'ಚಪ್ಪಲಿ ಏಟಿಗೆ ಜಿರಲೆ ವಿಧಿವಶವಾಯಿತು'? 'ಬೆಕ್ಕು ನಮ್ಮ ಕೋಣೆಗೆ ಪಾದಾರ್ಪಣೆ ಮಾಡಿತು'? ನಗಿಸೋಕೆ ಅಂತ ಹೇಳಿದರೆ ಮಜವಾಗಿದೆ. ಗಂಭೀರವಾಗಿ ಹೇಳಿದರೆ ಬೆಕ್ಕನ್ನು ಬಿಟ್ಟು ಹೇಳಿದವನ ಮುಖ ನೋಡುತ್ತೇವೆ. ಇದನ್ನು ಯಾವ ಮೇಷ್ಟ್ರೂ ನಮಗೆ ಕಲಿಸಲಿಲ್ಲ. ಯಾವ ಮಾತು ಯಾವುದರ ಪಕ್ಕ ಕೂರುತ್ತೆ, ಯಾವುದರ ಪಕ್ಕ ಕೂತರೆ ಮುಜುಗರ ಪಡುತ್ತೆ ಅನ್ನೋದು ಕೇಳಿ ಕೇಳಿ ಕಿವಿಗೆ ಹತ್ತಿದೆ. ಇಂಗ್ಲಿಷಿಗೆ ನನಗೆ ಆ ಕಿವಿ ಇಲ್ಲ. ಇರೋದು ಡಿಕ್ಷನರಿ, ಅದಕ್ಕೆ ಕಿವಿ ಇಲ್ಲವೇ ಇಲ್ಲ.

ಜೆ. ಆರ್. ಫರ್ತ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ 1957ರಲ್ಲಿ ಬರೆದ ಒಂದು ಮಾತು ಈಗಲೂ ಓಡಾಡುತ್ತಿದೆ: ಪದ ಎಂಥದ್ದು ಅಂತ ಅದರ ಸಹವಾಸದಿಂದ ಗೊತ್ತಾಗುತ್ತದೆ. ಮನೆಯ ಹಿರಿಯರು ಹುಡುಗರ ಬಗ್ಗೆ ಹೇಳುವುದನ್ನೇ ಆತ ಪದಗಳ ಬಗ್ಗೆ ಹೇಳಿದ. ಕಮೆನ್ಸ್‌ನ ಸಹವಾಸ ನೋಡಿ: ಸಭೆ, ಪರೀಕ್ಷೆ, ವಿಚಾರಣೆ, ಕಾಮಗಾರಿ. ಎಲ್ಲವೂ ಮೊದಲೇ ಗೊತ್ತುಮಾಡಿದ ಹೊತ್ತಿಗೆ, ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡ ಮೇಲೆ ಶುರುವಾಗುವಂಥವು. 'ದಿ ಎಕ್ಸಾಮ್ ವಿಲ್ ಕಮೆನ್ಸ್ ಅಟ್ ಟೆನ್' ಅಂದರೆ ಯಾರೂ ನಗಲ್ಲ. ತಲೆನೋವು, ಬಿಕ್ಕಳಿಕೆ, ಮಗುವಿನ ಅಳು ಇವೆಲ್ಲ ಹೇಳಿ ಕೇಳಿ ಬರುವ ಗಿರಾಕಿಗಳಲ್ಲ.

ಈ ಗತ್ತು ಕಮೆನ್ಸ್‌ಗೆ ಸುಮ್ನೆ ಬಂದಿದ್ದಲ್ಲ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ, ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ, ದೊಡ್ಡವರ ಮನೆಗಳಲ್ಲಿ, ಆಮೇಲೆ ನ್ಯಾಯಾಲಯಗಳಲ್ಲಿ ಫ್ರೆಂಚ್ ಬಂದು ಕೂತಿತು. ಬಿಗಿನ್ ಹಳೇ ಇಂಗ್ಲಿಷಿನ ಮನೆಮಾತು, ಹೊಲದಲ್ಲಿ ದುಡಿಯುವವನದ್ದು. ಕಮೆನ್ಸ್ ಫ್ರೆಂಚಿನಿಂದ ಬಂದದ್ದು. 1362ರಲ್ಲಿ ಕೋರ್ಟಿನ ವಾದ ಇಂಗ್ಲಿಷಿನಲ್ಲೇ ನಡೆಯಬೇಕು ಅಂತ ಕಾನೂನು ಮಾಡಿದರು, ಜನಕ್ಕೆ ಫ್ರೆಂಚ್ ಅರ್ಥವಾಗುತ್ತಿರಲಿಲ್ಲ ಅಂತ. ಆದರೆ ಭಾಷೆ ಎದ್ದು ಹೋದರೂ ಪದಗಳು ಕುರ್ಚಿ ಬಿಡಲಿಲ್ಲ. ಇವತ್ತಿಗೂ ಕಾಯ್ದೆ ಜಾರಿಗೆ ಬರುವುದಕ್ಕೆ ಕಮೆನ್ಸ್‌ಮೆಂಟ್ ಅಂತಾರೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಂತೂ ಪದವಿ ಪ್ರದಾನಕ್ಕೇ ಕಮೆನ್ಸ್‌ಮೆಂಟ್ ಅನ್ನುತ್ತಾರೆ, ಅಂದರೆ ಓದು ಮುಗಿಯಿತು ಅನ್ನುವ ದಿನಕ್ಕೆ ಶುರು ಅಂತ ಹೆಸರು. ಈ ಪದವನ್ನು ನಂಬಿ ನಾನು ರಜೆ ಕೇಳಿದ್ದೆ.

ಇಂಥ ಜೋಡಿ, ತ್ರಿವಳಿಗಳು ಬೇಕಾದಷ್ಟಿವೆ. ಆಸ್ಕ್ ಹಳೇ ಇಂಗ್ಲಿಷಿನದು, ಕ್ವೆಶ್ಚನ್ ಫ್ರೆಂಚಿನಿಂದ, ಇಂಟರಾಗೇಟ್ ಲ್ಯಾಟಿನ್ನಿನಿಂದ. ಮೂರೂ 'ಕೇಳು' ಅಂತಲೇ ಕಲಿತಿರುತ್ತೇವೆ. ಆದರೆ 'ಟೈಮ್ ಎಷ್ಟು ಅಂತ ಅಜ್ಜಿಯನ್ನ ಇಂಟರಾಗೇಟ್ ಮಾಡಿದೆ' ಅಂದರೆ ಪಾಪ ಅಜ್ಜಿ ಲಾಕಪ್ಪಿನಲ್ಲಿ ಕೂತಿರುತ್ತಾರೆ. ಹಾಗಂತ ಗತ್ತಿನ ಪದ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಸ್ಟಾರ್ಟ್‌ನಂಥ ಬಡಪಾಯಿಗೂ ತನ್ನದೇ ಹಠ ಇದೆ. ಬೈಕ್ ಸ್ಟಾರ್ಟ್ ಆಗಬೇಕು, ಬಿಗಿನ್ ಆಗುವ ಹಾಗಿಲ್ಲ. ನಾವೂ ಅಷ್ಟೇ, ಕಿಕ್ ಹೊಡೆದು ಹೊಡೆದು ಸುಸ್ತಾದವನು 'ಗಾಡಿ ಆರಂಭ ಆಗ್ತಿಲ್ಲ' ಅಂದಿದ್ದನ್ನು ನಾನಂತೂ ಕೇಳಿಲ್ಲ.

ಶಾಲೆಯಲ್ಲಿ 'ಸ್ವಂತ ವಾಕ್ಯದಲ್ಲಿ ಬಳಸಿ' ಅಂತ ಒಂದು ಪ್ರಶ್ನೆ ಬರುತ್ತಿತ್ತು ಅಲ್ವಾ? ಅದಕ್ಕೆ ನಮ್ಮ ಹತ್ತಿರ ಒಂದೇ ಮದ್ದು. ಫ್ರೂಗಲ್ ಕೊಟ್ಟರೆ 'ಹಿ ಈಸ್ ಫ್ರೂಗಲ್'. ಲ್ಯಾವಿಶ್ ಕೊಟ್ಟರೆ 'ಹಿ ಈಸ್ ಲ್ಯಾವಿಶ್'. ಎರಡಕ್ಕೂ ಮಾರ್ಕ್ಸ್! ಒಬ್ಬ ಕೈ ಬಿಗಿ, ಇನ್ನೊಬ್ಬ ಕೈ ಧಾರಾಳ, ವಾಕ್ಯಕ್ಕೆ ಮಾತ್ರ ಏನೂ ವ್ಯತ್ಯಾಸವಿಲ್ಲ. ಪದ ತೆಗೆದು ಅದರ ವಿರುದ್ಧಾರ್ಥ ಹಾಕಿದರೂ ವಾಕ್ಯ ಹಾಗೇ ನಿಂತರೆ, ಬರೆದವನಿಗೆ ಪದ ಗೊತ್ತು ಅಂತ ಹೇಗೆ ನಂಬೋದು? ಬಂದ ಲಕೋಟೆಗಳನ್ನು ಜೋಪಾನವಾಗಿ ಬಿಡಿಸಿ, ಅದರ ಬೆನ್ನ ಮೇಲೆ ಲೆಕ್ಕ ಬರೆಯುವಷ್ಟು ಫ್ರೂಗಲ್ ಅನ್ನಿ. ಅಲ್ಲಿಗೆ ಲ್ಯಾವಿಶ್ ಕಾಲಿಡುವ ಹಾಗಿಲ್ಲ. ಹತ್ತು ಪದಕ್ಕೆ ಅರ್ಥ ಉರು ಹೊಡೆಯುವುದಕ್ಕಿಂತ ಇಂಥ ಒಂದು ವಾಕ್ಯ ಕಟ್ಟುವುದಕ್ಕೆ ಜಾಸ್ತಿ ಬೆವರು ಬೇಕು.

ಇನ್ನು ದೊಡ್ಡ ಪದ ಬಳಸಿದರೆ ಜನ ಬುದ್ಧಿವಂತ ಅಂದುಕೊಳ್ಳುತ್ತಾರೆ ಅನ್ನುವ ಆಸೆ ಇದೆಯಲ್ಲ, ಅದಕ್ಕೂ ಒಬ್ಬರು ತಣ್ಣೀರೆರಚಿದ್ದಾರೆ. ಡೇನಿಯಲ್ ಒಪೆನ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷೆ ಮಾಡಿ ನೋಡಿದರೆ, ಬೇಕಿಲ್ಲದ ಕಡೆ ಉದ್ದುದ್ದ ಪದ ತುರುಕಿದ ಬರಹ ಓದಿದವರು ಬರೆದವನ ಬುದ್ಧಿಗೆ ಕಡಿಮೆಯೇ ಅಂಕ ಕೊಟ್ಟರು. ಆ ಲೇಖನದ ಹೆಸರನ್ನೇ ತಮಾಷೆಗೆ ಬಾಯಿ ತಿರುಗದ ಪದಗಳಿಂದ ಕಟ್ಟಿದ್ದರು. 2006ರಲ್ಲಿ ಅದಕ್ಕೆ ಸಾಹಿತ್ಯದ ಇಗ್ ನೊಬೆಲ್ ಬಂತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಮೊನ್ನೆ ಮತ್ತೆ ತಲೆನೋವು. ಈ ಸಲ ಹುಷಾರಾಗಿ 'ಹ್ಯಾವ್ ಎ ಹೆಡೇಕ್, ನಾಟ್ ಕಮಿಂಗ್ ಟುಡೇ' ಅಂತಷ್ಟೇ ಬರೆದು ಮೊಬೈಲ್ ಮಗುಚಿಟ್ಟು ಮಲಗಿದೆ. ಸಂಜೆ ತೆಗೆದು ನೋಡಿದರೆ ಅದೇ ಗೆಳೆಯನ ಮೆಸೇಜು ಕಾಯುತ್ತಿತ್ತು: "ಸಮಾರೋಪ ಎಷ್ಟು ಗಂಟೆಗೆ?"