ತಲೆಲೆಕ್ಕದ ಸುವಾರ್ತೆ

ಹೊಸದುರ್ಗದ ತಹಸೀಲ್ದಾರರ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿನ ಶಾಸಕರು 2021ರಲ್ಲಿ ಸದನದಲ್ಲಿ ಮತಾಂತರದ ಮಾತೆತ್ತಿದ ಮೇಲೆ ಸಮೀಕ್ಷೆ ನಡೆಯಿತು. ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ತಹಸೀಲ್ದಾರರು ವರದಿ ಕೊಟ್ಟರು. ಅದರ ಬೆನ್ನಿಗೇ ಅವರಿಗೆ ವರ್ಗವಾಯಿತು. ಎರಡಕ್ಕೂ ಸಂಬಂಧ ಕಲ್ಪಿಸುವಷ್ಟು ಕೆಟ್ಟ ಬುದ್ಧಿ ನನಗಿಲ್ಲ. ಮಿಷನ್ ಸೇವೆಯ ಫಲವನ್ನು ಅಳೆಯಹೊರಟವರು ಉತ್ತರವನ್ನು ಮೊದಲೇ ವಿಚಾರಿಸಿಕೊಂಡು ಹೊರಡಬೇಕಿತ್ತು, ಅಷ್ಟೆ.

ಅಳೆಯುವ ವಿದ್ಯೆಯಲ್ಲಿ ಮಿಷನ್ನಿನವರೂ ಹಿಂದೆ ಬಿದ್ದಿಲ್ಲ. ಯಾವ ಸಮುದಾಯದಲ್ಲಿ ಎಷ್ಟು ಕ್ರೈಸ್ತರೆಂದು ಲೆಕ್ಕವಿಡುವ ಅಮೆರಿಕದ ಮಿಷನ್ ಸಂಸ್ಥೆ ಜೋಶುವಾ ಪ್ರಾಜೆಕ್ಟ್‌ನವರು, ಇವಾಂಜೆಲಿಕಲ್ ವಿಶ್ವಾಸಿಗಳು ಶೇ 2ನ್ನೂ ಒಟ್ಟು ಕ್ರೈಸ್ತರು ಶೇ 5ನ್ನೂ ಮೀರದ ಸಮುದಾಯಗಳನ್ನು 'ಸುವಾರ್ತೆ ತಲುಪದವರು' ಎಂದು ಪಟ್ಟಿ ಮಾಡಿ ಕೆಂಪು ಬಣ್ಣ ಬಳಿದಿದ್ದಾರೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎನ್ನುವವರು ನಮ್ಮನ್ನು ಜಾತಿವಾರು ವಿಂಗಡಿಸಿಟ್ಟಿರುವ ಅಚ್ಚುಕಟ್ಟನ್ನು ಕಂಡರೆ ನಮ್ಮ ಜಾತಿಗಣತಿಯವರು ನಾಚಬೇಕು. ಇತ್ತ ರಾಜ್ಯವೇ ಕೈತಪ್ಪಿತೆಂದು ಭಾಷಣ, ಅತ್ತ ಸುಗ್ಗಿ ತುಂಬಿ ತುಳುಕುತ್ತಿದೆಯೆಂದು ದಾನಿಗಳಿಗೆ ಪತ್ರ. ಇಬ್ಬರ ಲೆಕ್ಕವೂ ಚೆನ್ನಾಗಿ ತಾಳೆಯಾಗುತ್ತದೆ. ಕರ್ನಾಟಕದ ಕ್ರೈಸ್ತರು 2001ರಲ್ಲಿ ಶೇ 1.91, 2011ರಲ್ಲಿ ಶೇ 1.87 ಎಂದು ಹೇಳಿ ರಸಭಂಗ ಮಾಡುವುದು ಜನಗಣತಿಯೊಂದೇ.

ಈ ತಲೆಲೆಕ್ಕದಲ್ಲಿ ನಮ್ಮ ಕಿಟೆಲ್ ಸಾಹೇಬರು ಎಂಥ ದಂಡಪಿಂಡ! 1853ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸುವಾರ್ತೆ ಸಾರಲೆಂದು ಕಳಿಸಿದರೆ, ಆ ಮಹಾನುಭಾವರು ಕಾವ್ಯ, ಗಾದೆ, ಹಳ್ಳಿಮಾತು ಹೆಕ್ಕುತ್ತ ಕೂತು 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ತಂದಿಟ್ಟರು. ವಾರ್ಷಿಕ ವರದಿಯ ಯಾವ ಕಾಲಮಿನಲ್ಲಿ ಅದನ್ನು ತುಂಬುವುದು? ಅವರಿಗಿಂತ ಮೊದಲು, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಅಚ್ಚುಹಾಕಿಸಿದ, ಅದೇ ಮಿಷನ್ನಿನ ಮೋಗ್ಲಿಂಗರ ಸಾಧನೆಯೂ ಸೊನ್ನೆಯೇ. ಪತ್ರಿಕೆ ಓದಿದವರಲ್ಲಿ ಎಷ್ಟು ಮಂದಿ ದೀಕ್ಷಾಸ್ನಾನ ಪಡೆದರೆಂದು ಅವರು ಬರೆದಿಟ್ಟಂತಿಲ್ಲ.

ನಕ್ಕದ್ದು ಸಾಕು. ಹುಡುಗಿಯರಿಗೆ ಅಕ್ಷರ ಕಲಿಸಿದ, ಕುಷ್ಠರೋಗಿಯ ಹುಣ್ಣು ತೊಳೆದ ಕೈಗಳನ್ನು ಹಿಡಿದು ಎಷ್ಟು ತಲೆ ತಂದೆ ಎಂದು ಕೇಳುವ ಯಜಮಾನರನ್ನೂ, ಎಷ್ಟು ತಲೆ ಕದ್ದೆ ಎಂದು ಕೇಳುವ ನಾಯಕರನ್ನೂ ನೋಡಿ ನೋಡಿ ಬೇಸತ್ತಿದ್ದೇನೆ. ಹುಣ್ಣು ತೊಳೆಸಿಕೊಂಡವನನ್ನು ಯಾರೂ ಏನೂ ಕೇಳುವುದಿಲ್ಲ. ಅವನಿಗೂ ಬುದ್ಧಿಯಿದೆ, ತನ್ನ ದೇವರನ್ನು ಉಳಿಸಿಕೊಳ್ಳುವುದೋ ಬಿಡುವುದೋ ಅವನೇ ತೀರ್ಮಾನಿಸಬಲ್ಲ ಎನ್ನುವುದಕ್ಕೆ ಇಬ್ಬರ ನಮೂನೆಯಲ್ಲೂ ಜಾಗವಿಲ್ಲ.

ಈ ಸಲ ಮಳೆಗಾಲಕ್ಕೆ ಮುಂಚೆ ನಮ್ಮ ಹಳೆಮನೆಯ ಮಾಡು ಸರಿಪಡಿಸುವಾಗ ಆಳು ಒಂದು ಹಂಚನ್ನು ಮಗುಚಿ ತೋರಿಸಿದ. ಪಾಚಿ ಕೆರೆದ ಜಾಗದಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯ ಮುದ್ರೆಯಿತ್ತು. 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಆ ಸಾಲು ಇಷ್ಟು ಕಾಲ ಮಳೆಯಿಂದ ಕಾದದ್ದು ನಮ್ಮ ದೇವರಕೋಣೆಯನ್ನು. ಇದನ್ನು ಯಾರ ಖಾತೆಗೆ ಬರೆಯೋಣವೆಂದು ಅವನನ್ನು ಕೇಳಿದೆ.

"ಮೂಲೆಯದ್ದು ಒಡೆದಿದೆ ಧಣೀ, ಇಂಥದ್ದೇ ಇನ್ನೊಂದು ಸಿಕ್ಕೀತೇ?" ಎಂದ.