ವಾಲ್ಯೂಮ್ ಇಳಿಸ್ರೀ, ಗುಮ್ಕಿ ಕೇಳ್ಲಿ

ನಿನ್ನೆ ಸಂಜೆ ಕೇಳಿದ್ದು ಸಂಗೀತ ಕಛೇರಿಯೋ, ಸ್ಪೀಕರ್ ಪರೀಕ್ಷೆಯೋ? ಹೆಚ್ಚೆಂದರೆ 300 ಕುರ್ಚಿಯ ಸಭಾಂಗಣ, ಬಾಗಿಲೂ ಮುಚ್ಚಿತ್ತು. ಅಷ್ಟಕ್ಕೆ ಎರಡೂ ಕಡೆ ಆಳೆತ್ತರದ ಸ್ಪೀಕರ್! ವಿದ್ವಾಂಸರು ಚೆನ್ನಾಗೇ ಹಾಡಿದರು, ಪಾಪ. ಜಗಳ ಇರೋದು ಸದ್ದಿನ ಜೊತೆ.

ಈ ರೋಗ ಶುರುವಾಗೋದು ಕಛೇರಿಯ ಆರಂಭದ ವರ್ಣದಲ್ಲೇ. ಗಾಯಕರು ಬೆರಳೆತ್ತಿ "ಮಾನಿಟರ್ ಸ್ವಲ್ಪ ಜಾಸ್ತಿ" ಅಂತಾರೆ (ಮಾನಿಟರ್ ಅಂದರೆ ಕಲಾವಿದರಿಗೆ ತಮ್ಮ ಸದ್ದು ಕೇಳಿಸೋಕೆ ವೇದಿಕೆ ಮೇಲೆ ಇಡೋ ಸ್ಪೀಕರ್). ಕೊಟ್ಟ ತಕ್ಷಣ ಪಿಟೀಲಿನವರಿಗೆ ತಮ್ಮದು ಕೇಳಿಸಲ್ಲ, ಅವರೂ ಬೆರಳೆತ್ತುತ್ತಾರೆ. ಆಮೇಲೆ ಮೃದಂಗದವರು. "ಬೇರೆಯವರದ್ದು ಒಂಚೂರು ಇಳಿಸಿ" ಅನ್ನೋ ಪುಣ್ಯಾತ್ಮ ಒಬ್ಬನೂ ಇಲ್ಲ. ಮಾನಿಟರಿನ ಸದ್ದು ತಿರುಗಿ ಮೈಕಿಗೇ ನುಗ್ಗಿ ಕುಂಯ್ ಅನ್ನುತ್ತೆ. ತಂಬೂರಿ? ಅದು ಇತ್ತು ಅಂತ ಫೋಟೋ ನೋಡಿ ನಂಬಬೇಕು.

ಮೃದಂಗದ ಗತಿ ಇನ್ನೂ ಕಷ್ಟ. ರವೆ ಹಚ್ಚಿದ ಎಡಗಡೆಗೆ ಮೈಕನ್ನ ಎರಡು ಬೆರಳಿನಷ್ಟು ಹತ್ತಿರ ತಂದಿಟ್ಟರೆ, ಇಂಥ ಮೈಕುಗಳ ಸ್ವಭಾವವೇ ಹಾಗೆ, ಬೇಸ್ ತಾನಾಗಿ ಉಬ್ಬುತ್ತೆ. ಆಗ ಅಂಗೈ ಜಾರಿಸಿ ನುಡಿಸೋ ಗುಮ್ಕಿ ಬರೀ ದುಮ್ ದುಮ್. ಒಂದು ಗೇಣು ಹಿಂದಿಡಿ, ಸದ್ದು ಹೊಂದಿಸೋ ಸೌಂಡ್ ಬೋರ್ಡಿನಲ್ಲಿ ಬೇಸ್ ಇಳಿಸಿ, ಗಾಯನದ ಮೈಕಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸದ್ದನ್ನ ಕತ್ತರಿಸಿ. ಕರಣೆ, ಅಂದರೆ ಕಪ್ಪು ಲೇಪ, ಇರೋ ಬಲಗಡೆ ಹೇಗೂ ಕೇಳುಗರ ಕಡೆಗೇ ಇರುತ್ತೆ, ಚಿಕ್ಕ ಸಭಾಂಗಣದಲ್ಲಿ ಅದಕ್ಕೆ ಮೈಕೇ ಹೆಚ್ಚು. ತನಿ, ಅಂದರೆ ಮೃದಂಗದವರ ಒಂಟಿ ವಾದನ, ಶುರುವಾದಾಗ ಎದ್ದು ಹೋಗೋರನ್ನ ಬೈಯೋದು ನನ್ನ ಹಳೇ ಚಾಳಿ. ನಿನ್ನೆ ಮನಸಾರೆ ಕ್ಷಮಿಸಿದೆ, ಅವರ ಕಿವಿಯಾದರೂ ಉಳೀತು.

"ಹಿಂದಿನ ಸಾಲಿನವರಿಗೆ ಕೇಳಬೇಡವೇ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸ್ವಾಮಿ, ಹಿಂದಿನ ಸಾಲಿನವರಿಗಾಗಿ ಪಿಟೀಲು ವಿದ್ವಾಂಸ ಚೌಡಯ್ಯನವರು ಪಿಟೀಲಿಗೆ 7 ತಂತಿ ಕಟ್ಟಿದರು. ನಮ್ಮವರು ವಾಲ್ಯೂಮ್ ಗುಂಡಿ ತಿರುಗಿಸುತ್ತಾರೆ, ಅಷ್ಟೇ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಪೆಂಡಾಲಿನಂಥ ಕಡೆ, ಹೊರಗೆ ಬಸ್ಸು ಆಟೋ ಹಾರ್ನ್ ಇರುವಾಗ, ಮೈಕ್ ಬೇಕೇ ಬೇಕು. ಆದರೂ ಮುಂದಿನ ಸ್ಪೀಕರನ್ನೇ ಕಿರುಚಿಸಬೇಕಿಲ್ಲ. ಪೆಂಡಾಲಿನ ನಡುವೆ ಇನ್ನೊಂದು ಜೋಡಿ ಚಿಕ್ಕ ಸ್ಪೀಕರ್ ನಿಲ್ಲಿಸಿ, ಅದರ ಸದ್ದನ್ನ ತಡವಾಗಿ ಬಿಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಅಂದರೆ 34 ಮೀಟರ್ ದೂರದ ಸ್ಪೀಕರಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಇದನ್ನ ಮಾಡದಿದ್ದರೆ ಒಂದೇ ಸ್ವರ ಎರಡು ಸಲ ಕೇಳುತ್ತೆ.

ಯಕ್ಷಗಾನದಲ್ಲೂ ಇದೇ ಕಥೆ. ರಾತ್ರಿ ಪಕ್ಕದ ಊರಿಗೂ ಕೇಳೋ ಚೆಂಡೆಗೆ ಮೈಕು! ಅದನ್ನ ಮೀರಿಸೋಕೆ ಭಾಗವತರು ಕಿರುಚಬೇಕು. ಪದಕ್ಕೆ ಮೈಕ್ ಕೊಡಿ, ಮದ್ದಳೆಗೆ ಬೇಕಾದರೆ ಕೊಡಿ, ಚೆಂಡೆಯನ್ನ ಬಿಟ್ಟುಬಿಡಿ.

ಇದು ಸರಿಹೋಗೋವರೆಗೆ ಕೇಳುಗರಿಗೆ ಒಂದೇ ದಾರಿ: ಮುಂದಿನ ಸಾಲಿನ ಮರ್ಯಾದೆ ಬೇಡ, ಸ್ಪೀಕರಿನ ನೇರಕ್ಕಂತೂ ಬೇಡವೇ ಬೇಡ. ಸಭಾಂಗಣದ ನಡುವೆ, ಸೌಂಡ್ ಬೋರ್ಡಿನ ಮುಂದೆಯೇ ಕೂತ್ಕೊಳ್ಳಿ. ಬೋರ್ಡಿನವರು ತಮ್ಮ ಕಿವಿಗೆ ಹಿತವಾಗೋ ಹಾಗೆ ಹೊಂದಿಸಿರುತ್ತಾರೆ, ಜೊತೆಗೆ ಎರಡು ಕೃತಿಗಳ ನಡುವೆ ತಿರುಗಿ "ಅಣ್ಣಾ, ಒಂಚೂರು ಇಳಿಸಿ" ಅನ್ನೋಕೂ ಆಗುತ್ತೆ. ಎರಡನೇ ಸಲ ಕೇಳಿದಾಗ ಸಾಮಾನ್ಯವಾಗಿ ಇಳಿಸುತ್ತಾರೆ.